ಸುತ್ತಿಗೆಗಿಂತ ಮೊದಲು ಚೀಟಿ: ಬಳ್ಳಾರಿ ಸೀಮೆಯಲ್ಲಿ ಗುಂಪುಗೂಡಿ ಕಲ್ಲು ನೋಡಲು ಹೊರಡುವವರಿಗೆ

ಬಳ್ಳಾರಿಯಿಂದ ಯಾವ ದಿಕ್ಕಿಗೆ ಹೊರಟರೂ ಅರ್ಧ ಗಂಟೆಯೊಳಗೆ ಕಲ್ಲುಗುಡ್ಡವೊಂದು ಎದುರಾಗುತ್ತದೆ. ಆದರೆ ಆ ಗುಡ್ಡ ಬರೀ ಕಲ್ಲಾಗಿ ಉಳಿದಿರುವುದು ಅಪರೂಪ. ಒಂದರ ನೆತ್ತಿಯಲ್ಲಿ ಕೋಟೆ, ಇನ್ನೊಂದರಲ್ಲಿ ಆಂಜನೇಯನ ಗುಡಿ, ಮತ್ತೊಂದರ ಬುಡದಲ್ಲಿ ನವಶಿಲಾಯುಗದ ನೆಲೆ. ಅದರಾಚೆಗಿನದು ಕರಡಿ ಓಡಾಡುವ ಕಾಡು ಅಥವಾ ಯಾರದೋ ಗಣಿ ಗುತ್ತಿಗೆಯ ಪ್ರದೇಶ. ಆದ್ದರಿಂದ ಈ ಸೀಮೆಯಲ್ಲಿ ಶಿಲೆ ಮತ್ತು ಖನಿಜಗಳ ಹವ್ಯಾಸವನ್ನು ಒಬ್ಬೊಬ್ಬರೇ ಚೀಲ ಹೆಗಲಿಗೇರಿಸಿಕೊಂಡು ನಡೆಸುವುದಕ್ಕಿಂತ, ಗುಂಪಾಗಿ, ಮೊದಲೇ ಕೇಳಿಕೊಂಡು, ಬರೆದಿಟ್ಟುಕೊಂಡು ನಡೆಸುವುದೇ ಸರಿಯಾದ ದಾರಿ ಎಂದು ನಾನು ನಂಬಿದ್ದೇನೆ. ನಮ್ಮ ಗುಂಪಿನಲ್ಲಿ ಶಾಲಾ ಶಿಕ್ಷಕರು, ಭೂವಿಜ್ಞಾನ ಓದುವ ಹುಡುಗ ಹುಡುಗಿಯರು, ಗಣಿಯಲ್ಲಿ ಸರ್ವೆ ಕೆಲಸ ಮಾಡಿ ನಿವೃತ್ತರಾದವರು, ಜೀನ್ಸ್ ಹೊಲಿಯುವ ಘಟಕ ನಡೆಸುವವರೊಬ್ಬರು ಇದ್ದಾರೆ. ನಾವು ತಿಂಗಳಿಗೊಂದು ಭಾನುವಾರ ಹೊರಡುತ್ತೇವೆ. ಹಾಗೆ ಹೊರಟು, ತಪ್ಪಿ, ತಿದ್ದಿಕೊಂಡು ರೂಢಿಸಿಕೊಂಡ ಕ್ರಮವನ್ನು ಹೊಸದಾಗಿ ಗುಂಪು ಕಟ್ಟುವವರಿಗಾಗಿ ಇಲ್ಲಿ ಬರೆದಿದ್ದೇನೆ.

ಕಾಲ ಮತ್ತು ಜಾಗ

ನವೆಂಬರ್‌ನಿಂದ ಫೆಬ್ರುವರಿಯ ನಡುಭಾಗದವರೆಗಿನ ಕಾಲವೇ ನಮ್ಮದು. ಬೇಸಿಗೆಯಲ್ಲಿ ಬಳ್ಳಾರಿ, ರಾಯಚೂರುಗಳ ಬಿಸಿಲು 40 ಡಿಗ್ರಿ ದಾಟುತ್ತದೆ. ಆಗ ಬೋಳುಬಂಡೆಯ ಮೇಲೆ ಕೈ ಊರುವುದೂ ಕಷ್ಟ, ಮಧ್ಯಾಹ್ನದ ಮೇಲೆ ನಡೆಯುವುದಂತೂ ಅಪಾಯ. ಮಳೆಗಾಲದಲ್ಲಿ ಹುಲ್ಲು ಎದ್ದು ಕಲ್ಲನ್ನೂ ಹಾವನ್ನೂ ಒಟ್ಟಿಗೆ ಮುಚ್ಚಿಬಿಡುತ್ತದೆ. ಬೆಳೆ ನಿಂತ ಹೊಲಕ್ಕೆ ಯಾವ ತಿಂಗಳಲ್ಲೂ ಕಾಲಿಡಬಾರದು.

ಜಾಗ ಆರಿಸುವ ಮುನ್ನ ಈ ನೆಲದ ಸ್ಥೂಲ ಚಿತ್ರವೊಂದು ಎಲ್ಲರ ತಲೆಯಲ್ಲೂ ಇರಬೇಕು. ಹಂಪಿ, ಆನೆಗೊಂದಿಗಳ ಸುತ್ತ ಕಾಣುವ ಗುಲಾಬಿ ಬೂದು ಬಣ್ಣದ ಬಂಡೆಗಳು, ರಾಮನಗರದ ಹಳೆಯ ಹೆಸರಾದ ಕ್ಲೋಸ್‌ಪೇಟೆಯಿಂದ ಹೆಸರು ಪಡೆದ ಗ್ರಾನೈಟಿನ ಉದ್ದನೆಯ ಪಟ್ಟಿಗೆ ಸೇರಿದವು. ಅವುಗಳ ವಯಸ್ಸು ಸುಮಾರು 250 ಕೋಟಿ ವರ್ಷ. ಈ ಗ್ರಾನೈಟನ್ನೂ ಅದಕ್ಕಿಂತ ಹಳೆಯದಾದ, ನೈಸ್ ಎಂಬ ಪಟ್ಟೆಪಟ್ಟೆ ಶಿಲೆಯನ್ನೂ ಸೀಳಿಕೊಂಡು ಮೇಲೆದ್ದ ಡಾಲರೈಟ್ ಎಂಬ ಕರಿಕಲ್ಲಿನ ಗೋಡೆಗಳು ಬಯಲಿನ ನಡುವೆ ಕಪ್ಪು ಗುಂಡುಗಳ ಸಾಲಾಗಿ ಮೈಲಿಗಟ್ಟಲೆ ಕಾಣುತ್ತವೆ. ಬಸ್ಸಿನ ಕಿಟಕಿಯಿಂದ ನೋಡಿದರೆ ಯಾರೋ ಕಲ್ಲು ಒಟ್ಟಿ ಎಲ್ಲೆ ಹಾಕಿದಂತೆ ತೋರುತ್ತದೆ. ಸಂಡೂರಿನ ಗುಡ್ಡಸಾಲು ಗ್ರಾನೈಟಿನದಲ್ಲ. ಅದು ಕಬ್ಬಿಣ ಮತ್ತು ಮ್ಯಾಂಗನೀಸ್ ಅದಿರು ಹೊತ್ತ ಪಟ್ಟೆಶಿಲೆಗಳ ಸಾಲು. ಅದೇ ಬಗೆಯ ಹಳೆಯ ಶಿಲೆಗಳ ಇನ್ನೊಂದು ಪಟ್ಟಿ ರಾಯಚೂರು ಜಿಲ್ಲೆಯ ಹಟ್ಟಿ, ಮಸ್ಕಿಗಳ ಕಡೆ ಇದ್ದು, ಬಂಗಾರ ಸಿಗುವುದು ಅದರಲ್ಲಿ.

ಮೊದಲ ಹೊರಸಂಚಾರಕ್ಕೆ ಹೊಲದ ಬದುವಿನ ಕಲ್ಲುಗುಪ್ಪೆಗಿಂತ ಒಳ್ಳೆಯ ಜಾಗ ನನಗೆ ತಿಳಿದಿಲ್ಲ. ರೈತರು ತಲೆಮಾರುಗಳಿಂದ ಹೊಲದ ಕಲ್ಲು ಆರಿಸಿ ಬದುವಿಗೆ ಎಸೆಯುತ್ತ ಬಂದಿದ್ದಾರೆ. ಆ ಒಂದೇ ಗುಪ್ಪೆಯಲ್ಲಿ ಬೆಣಚುಕಲ್ಲು, ಗುಲಾಬಿ ಫೆಲ್ಡ್‌ಸ್ಪಾರ್, ಕರಿಕಲ್ಲು, ನೈಸಿನ ಪಟ್ಟೆಪಟ್ಟೆ ತುಂಡು, ಎರೆಮಣ್ಣಿನ ಸುಣ್ಣದ ಹರಳು ಎಲ್ಲವೂ ಸಿಗುತ್ತವೆ. ಯಾವ ಬಂಡೆಯನ್ನೂ ಒಡೆಯಬೇಕಾಗಿಲ್ಲ, ಕೇಳಬೇಕಾದ ಮಾಲೀಕರು ಒಬ್ಬರೇ. ಎರಡನೆಯ ಆಯ್ಕೆ ಕೊಪ್ಪಳ ಜಿಲ್ಲೆಯ ಕುಷ್ಟಗಿ ಕಡೆಯ ಗ್ರಾನೈಟ್ ಕ್ವಾರಿಗಳ ಹೊರಗೆ ಒಟ್ಟಿದ ನಿರುಪಯುಕ್ತ ತುಂಡುಗಳ ರಾಶಿ. ಹೊಸದಾಗಿ ಒಡೆದ ಮುಖ ಅಲ್ಲಿ ಕಾಣುವಷ್ಟು ಚೆನ್ನಾಗಿ ಬಿಸಿಲು ತಿಂದ ಗುಡ್ಡದಲ್ಲಿ ಕಾಣುವುದಿಲ್ಲ.

ರಾಯಚೂರಿನವರಿಗೆ ಕೃಷ್ಣೆಯ ದಡದ ಜಲ್ಲಿ ಇದೆ. ನದಿ ಮೇಲೆ ಎಲ್ಲೋ ದಖ್ಖನ್ನಿನ, ಲಾವಾ ಆರಿ ಗಟ್ಟಿಯಾದ ಕಪ್ಪು ಬಸಾಲ್ಟ್ ಪ್ರದೇಶ ದಾಟಿ ಬರುವುದರಿಂದ, ಆ ಶಿಲೆಯ ಪೊಳ್ಳುಗಳಲ್ಲಿ ಹುಟ್ಟಿದ ಅಗೇಟ್ ಮತ್ತು ಚಾಲ್ಸೆಡೊನಿಯ ಉಂಡೆಗಳು, ಗ್ರಾನೈಟೇ ತುಂಬಿದ ಈ ನೆಲದ ದಡಕ್ಕೆ ಬಂದು ಬಿದ್ದಿರುತ್ತವೆ. ನೆಂದಾಗ ಮೇಣದಂತೆ ಹೊಳೆಯುವ, ಬೆಳಕಿಗೆ ಹಿಡಿದರೆ ಅಂಚಿನಲ್ಲಿ ತುಸು ಪಾರದರ್ಶಕವಾಗುವ ಈ ಕಲ್ಲುಗಳು ಮಕ್ಕಳಿಗೆ ಬಹಳ ಮೆಚ್ಚುಗೆ. ಆದರೆ ಕೃಷ್ಣೆಯಲ್ಲಿ ಮೊಸಳೆಗಳಿವೆ. ಮೇಲಿನ ನಾರಾಯಣಪುರ ಜಲಾಶಯದಿಂದ ನೀರು ಬಿಟ್ಟಾಗ ಬಿಸಿಲಲ್ಲೂ ಹೊಳೆ ಏರುತ್ತದೆ. ಆದ್ದರಿಂದ ನೀರಂಚಿನಿಂದ ದೂರ ಸರಿದ ಒಣ ಜಲ್ಲಿಯಲ್ಲಷ್ಟೇ ಹುಡುಕಬೇಕು, ಹಿಂದಿನ ದಿನ ದಡದ ಊರಿನವರನ್ನು ವಿಚಾರಿಸಿರಬೇಕು.

ಇನ್ನು ಹೋಗಬಾರದ ಜಾಗಗಳು. ಹಟ್ಟಿಯ ಗಣಿ ಇಂದಿಗೂ ನಡೆಯುತ್ತಿರುವ ಬಂಗಾರದ ಗಣಿ. ಅಲ್ಲಿ ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ಅದಿರು ತೆಗೆದ ಗುರುತುಗಳಿವೆ ಎಂಬುದು ರೋಮಾಂಚನದ ಸಂಗತಿಯೇ, ಆದರೆ ಹಳೆಯ ಗುಂಡಿಗಳ ಬಾಯಿಯ ಹತ್ತಿರ ಸುಳಿಯುವುದು ಹುಚ್ಚುತನ. ಸಯನೈಡ್ ಬಳಸಿ ಬಂಗಾರ ಬೇರ್ಪಡಿಸಿದ ಮೇಲೆ ಉಳಿದ ಪುಡಿಯ ದಿಬ್ಬಗಳನ್ನು ಮುಟ್ಟಬಾರದು, ಮಕ್ಕಳನ್ನು ಅತ್ತ ಬಿಡಲೇಬಾರದು. ಬಳ್ಳಾರಿಯ ಮಗ್ಗುಲಲ್ಲೇ ಇರುವ ಸಂಗನಕಲ್ಲಿನ ಗುಡ್ಡಗಳು ನವಶಿಲಾಯುಗದ ಜನ ಕರಿಕಲ್ಲಿನಿಂದ ಕೊಡಲಿ ತಯಾರಿಸುತ್ತಿದ್ದ ನೆಲೆ. ಅಲ್ಲಿ ಕಾಲಡಿ ಸಿಗುವ ಒಂದೊಂದು ಚಕ್ಕೆಯೂ ಯಾರೋ ಕುಳಿತು ಒಡೆದದ್ದು. ಅದು ಬಿದ್ದಿರುವ ಜಾಗವೇ ಅದರ ಅರ್ಥ. ಆನೆಗೊಂದಿ ಮತ್ತು ಹಂಪಿಯ ಪಾರಂಪರಿಕ ಪ್ರದೇಶ, ಗಂಗಾವತಿ ಬಳಿಯ ಹಿರೇಬೆಣಕಲ್ಲಿನ ಬೃಹತ್ ಶಿಲಾಯುಗದ ಕಲ್ಮನೆಗಳು, ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡುಗಳ ಅಶೋಕನ ಶಾಸನಗಳಿರುವ ಗುಡ್ಡಗಳು, ಕುಡತಿನಿಯ ನವಶಿಲಾಯುಗದ ಬೂದಿದಿಬ್ಬ ಇವೆಲ್ಲ ಕಣ್ಣಿಗಷ್ಟೇ ಮೀಸಲು. ದರೋಜಿಯ ಕರಡಿಧಾಮದೊಳಗೆ ಕಲ್ಲು ಹುಡುಕುವ ಮಾತೇ ಇಲ್ಲ. ಧಾಮದ ಹೊರಗಿನ ಗುಂಡುಗಲ್ಲಿನ ಗುಡ್ಡಗಳಲ್ಲೂ ಕರಡಿ ಮತ್ತು ಚಿರತೆ ಇರುತ್ತವೆಯಾದ್ದರಿಂದ, ಬಂಡೆಗಳ ನಡುವಿನ ಗವಿಗಳೊಳಗೆ ಟಾರ್ಚು ಹಾಕಿಕೊಂಡು ಇಣುಕುವ ಚಪಲವನ್ನು ಗುಂಪಿನ ಹುಡುಗರಿಗೆ ಮೊದಲ ದಿನವೇ ಬಿಡಿಸಬೇಕು.

ಜಾಗ ಗೊತ್ತಾದ ಮೇಲೆ ಭಾರತೀಯ ಸರ್ವೇಕ್ಷಣ ಇಲಾಖೆಯ 1:50,000 ಅಳತೆಯ ನಕ್ಷೆಯನ್ನೂ, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯ ಭೂಕೋಶ್ ತಾಣದಲ್ಲಿ ಸಿಗುವ ಶಿಲಾನಕ್ಷೆಯನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ಬಳಿಕ ಇಬ್ಬರು ಒಂದು ವಾರ ಮೊದಲೇ ಬೈಕಿನಲ್ಲಿ ಹೋಗಿ ದಾರಿ, ನೆರಳು, ನೀರು, ಮೊಬೈಲ್ ಸಿಗ್ನಲ್ಲು, ಹತ್ತಿರದ ಆಸ್ಪತ್ರೆ ಇವನ್ನು ಗುರುತು ಹಾಕಿಕೊಂಡು ಬರಬೇಕು. ಈ ಮುಂಗಡ ಭೇಟಿಯಿಲ್ಲದೆ ನಾವು ಎಲ್ಲಿಗೂ ಹೋಗುವುದಿಲ್ಲ.

ಕೇಳುವುದು

ಈ ಭಾಗದಲ್ಲಿ ಸುತ್ತಿಗೆ ಹಿಡಿದು ಗುಡ್ಡದ ಬುಡದಲ್ಲಿ ತಿರುಗುವ ಅಪರಿಚಿತರನ್ನು ಜನ ಮೊದಲು ನೋಡುವುದು ನಿಧಿಗಳ್ಳರೆಂದೇ. ಹಾಗೆ ನೋಡುವುದು ತಪ್ಪೂ ಅಲ್ಲ, ಏಕೆಂದರೆ ನಿಧಿಯಾಸೆಗೆ ಗುಡಿ ಗುಂಡಾರಗಳನ್ನು ಅಗೆದವರನ್ನು ಇಲ್ಲಿನ ಹಳ್ಳಿಗಳು ಸಾಕಷ್ಟು ಕಂಡಿವೆ. ಒಮ್ಮೆ ನಾವು ಹೊಲದ ಮಾಲೀಕರನ್ನು ಕೇಳಿ, ಊರಿಗೆ ತಿಳಿಸುವುದನ್ನು ಮರೆತು ಹೋಗಿದ್ದೆವು. ಅರ್ಧ ಗಂಟೆಯೊಳಗೆ ಇಪ್ಪತ್ತು ಮಂದಿ ಸುತ್ತುವರಿದರು.

“ಏನ್ ತೆಗಿಯಾಕ ಹತ್ತೀರಿ ಇಲ್ಲಿ?” ಎಂದು ಮುಂದೆ ನಿಂತಿದ್ದ ಹಿರಿಯರು ಕೇಳಿದರು.

“ಏನೂ ತೆಗಿಯಂಗಿಲ್ರಿ ಯಜಮಾನ್ರ, ಕಲ್ಲು ನೋಡಾಕ ಬಂದೀವಿ.”

“ಕಲ್ಲು ನೋಡಾಕ ಬಳ್ಳಾರಿಯಿಂದ ಯಾರಾರ ಬರ್ತಾರೇನ್ರೀ? ಬಳ್ಳಾರ್ಯಾಗ ಕಲ್ಲಿಗೇನ್ ಬರ ಬಂದೈತಿ?”

ಅದಕ್ಕೆ ನಮ್ಮಲ್ಲಿ ಯಾರಲ್ಲೂ ಉತ್ತರವಿರಲಿಲ್ಲ. ಕೊನೆಗೆ ಭೂತಗನ್ನಡಿಯನ್ನು ಅವರ ಕೈಗೇ ಕೊಟ್ಟು, ಬದುವಿನ ಕಲ್ಲೊಂದರಲ್ಲಿ ಕಾಗೆಬಂಗಾರದ ಪದರ ತೋರಿಸಿದ ಮೇಲೆ ಮಾತು ತಣ್ಣಗಾಯಿತು. ಅಂದಿನಿಂದ ಹಿಂದಿನ ದಿನವೇ ಗ್ರಾಮ ಪಂಚಾಯಿತಿಗೂ ಸಂಬಂಧಪಟ್ಟ ಪೊಲೀಸ್ ಠಾಣೆಗೂ ಒಂದೊಂದು ಪತ್ರ ಕೊಡುವುದು ನಮ್ಮ ನಿಯಮವಾಗಿದೆ. ಪತ್ರ ಉದ್ದವಾಗಿರಬೇಕಿಲ್ಲ. ಬರುವವರ ಸಂಖ್ಯೆ, ದಿನ, ಬೆಳಿಗ್ಗೆ ಎಷ್ಟರಿಂದ ಎಷ್ಟರವರೆಗೆ, ಯಾರ ಹೊಲ, ವಾಹನದ ಸಂಖ್ಯೆ, ಮುಂದಾಳುವಿನ ದೂರವಾಣಿ, ಜೊತೆಗೆ “ನೆಲ ಅಗೆಯುವುದಿಲ್ಲ, ಬಂಡೆ ಒಡೆಯುವುದಿಲ್ಲ, ಹೊಲದ ಮಾಲೀಕರು ಒಪ್ಪಿದ ಕೈಯಳತೆಯ ಬಿಡಿಗಲ್ಲುಗಳನ್ನಷ್ಟೇ ಅಧ್ಯಯನಕ್ಕಾಗಿ ತೆಗೆದುಕೊಳ್ಳುತ್ತೇವೆ” ಎಂಬ ಒಂದು ಸಾಲು. ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡ ಪ್ರತಿ ಮುಂದಾಳುವಿನ ಜೇಬಿನಲ್ಲಿರಬೇಕು.

ಕ್ವಾರಿಗೆ ಹೋಗುವುದಾದರೆ ಗುತ್ತಿಗೆದಾರರ ಲಿಖಿತ ಒಪ್ಪಿಗೆ ಬೇಕು. ಸಿಡಿಮದ್ದು ಹಾರಿಸುವ ಹೊತ್ತನ್ನು ಕೇಳಿ ತಿಳಿದಿರಬೇಕು, ಹೆಲ್ಮೆಟ್ ಹಾಕಿರಬೇಕು, ಕಡಿದ ಕಲ್ಲುಗೋಡೆಯ ಬುಡಕ್ಕೆ ಯಾವ ಕಾರಣಕ್ಕೂ ಹೋಗಬಾರದು. ಅರಣ್ಯದಂಚಿನ ಜಾಗವಾದರೆ ವಲಯ ಅರಣ್ಯಾಧಿಕಾರಿಯ ಕಚೇರಿಯನ್ನು ಕೇಳಬೇಕು. ಅಲ್ಲಿ ಕಲ್ಲು ತೆಗೆದುಕೊಳ್ಳುವ ಒಪ್ಪಿಗೆ ಸಿಗುತ್ತದೆಂದು ಎಣಿಸದೆ, ನೋಡಿ ಬರುವುದಕ್ಕೆ ಮನಸ್ಸು ಸಿದ್ಧಮಾಡಿಕೊಳ್ಳುವುದು ಒಳ್ಳೆಯದು. ಸಂರಕ್ಷಿತ ಸ್ಮಾರಕಗಳ ವಿಷಯದಲ್ಲಿ 1958ರ ಕಾಯ್ದೆ ಮತ್ತು ಅದಕ್ಕೆ 2010ರಲ್ಲಾದ ತಿದ್ದುಪಡಿ ಕಟ್ಟುನಿಟ್ಟಾಗಿವೆ. ಸಂರಕ್ಷಿತ ಎಲ್ಲೆಯಿಂದ 100 ಮೀಟರಿನೊಳಗೆ ಕಟ್ಟಡ, ಗಣಿಗಾರಿಕೆ ನಿಷಿದ್ಧ, ಅದರಾಚೆಯ 200 ಮೀಟರು ನಿಯಂತ್ರಿತ. ಕೈಯಳತೆಯ ಕಲ್ಲು ಗಣಿಗಾರಿಕೆಯಲ್ಲ ಎಂದು ವಾದ ಹೂಡುವುದಕ್ಕಿಂತ ನಾವು ಆ 300 ಮೀಟರಿನಲ್ಲಿ ಸುತ್ತಿಗೆಯನ್ನು ಚೀಲದಿಂದ ಹೊರಗೇ ತೆಗೆಯುವುದಿಲ್ಲ.

ಸಂಡೂರಿನ ಅದಿರಿನ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ಅಕ್ರಮ ಗಣಿಗಾರಿಕೆಯ ಕಾರಣಕ್ಕೆ 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಕಬ್ಬಿಣದ ಅದಿರಿನ ಗಣಿಗಳನ್ನೇ ನಿಲ್ಲಿಸಿತ್ತು. ಆ ನಂತರ ಅದಿರಿನ ಸಾಗಣೆ ಪರವಾನಗಿ, ತಪಾಸಣೆಗಳ ನಡುವೆ ನಡೆಯುತ್ತದೆ. ಲಾರಿಯಿಂದ ರಸ್ತೆಗೆ ಬಿದ್ದದ್ದೇ ಆದರೂ ಅದಿರನ್ನು ಚೀಲಗಟ್ಟಲೆ ತುಂಬಿಕೊಂಡು ಬರಬೇಡಿ. ಗಣಿ ಕಂಪನಿಯೊಂದರ ಭೂವಿಜ್ಞಾನಿಯ ಮೂಲಕ ಕೇಳಿ, ಅವರೇ ಕೊಟ್ಟ ಎರಡು ಮೂರು ತುಂಡುಗಳನ್ನು ಪತ್ರಸಮೇತ ಗುಂಪಿನ ಸಂಗ್ರಹಕ್ಕೆ ಪಡೆಯುವುದೇ ಲೇಸು.

ಮಂದಿ ಮತ್ತು ಹೊಣೆ

ಎರಡು ಕ್ರೂಸರ್‌ಗಳಲ್ಲಿ ಹಿಡಿಸುವಷ್ಟು ಮಂದಿ ಸಾಕು, ಅಂದರೆ ಹದಿನೈದರ ಆಸುಪಾಸು. ಐದಾರು ಮಂದಿಗೊಬ್ಬ ಮುಂದಾಳು. ಒಬ್ಬರು ಹಾಜರಿ ಪುಸ್ತಕ ಇಡುತ್ತಾರೆ, ಒಬ್ಬರು ಔಷಧಿ ಪೆಟ್ಟಿಗೆ ಹೊರುತ್ತಾರೆ, ಒಬ್ಬರು ಕೊನೆಯವರಾಗಿಯೇ ನಡೆಯುತ್ತಾರೆ. ಈ ಕೊನೆಯವರ ಕೆಲಸ ಯಾರಿಗೂ ಇಷ್ಟವಿಲ್ಲದ್ದು, ಆದರೆ ಅದೇ ಮುಖ್ಯ. ಭೂತಗನ್ನಡಿ ಕಣ್ಣಿಗಿಟ್ಟುಕೊಂಡವರು ಗುಂಪು ಮುಂದೆ ಹೋದದ್ದನ್ನು ಗಮನಿಸುವುದಿಲ್ಲ. ಒಂದು ಸೀಟಿಗೆ ನಿಲ್ಲುವುದು, ಎರಡಕ್ಕೆ ವಾಹನದ ಬಳಿ ಸೇರುವುದು, ಮೂರಕ್ಕೆ ಅಪಾಯ ಎಂದು ಹೊರಡುವ ಮೊದಲೇ ಗೊತ್ತುಮಾಡಿಕೊಳ್ಳಬೇಕು. ಖರ್ಚನ್ನು ತಲೆಗಿಷ್ಟೆಂದು ವಾಹನ ಹತ್ತುವ ಮೊದಲೇ ವಸೂಲು ಮಾಡಿಬಿಡಬೇಕೆಂಬುದೂ ಅನುಭವದ ಮಾತೇ.

ಚೀಲದಲ್ಲಿ

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯೊಂದು ಎಲ್ಲರ ಕೊರಳಲ್ಲೂ ಇರಬೇಕು. ಬಿಡಿಗಲ್ಲು ಒಡೆದು ನೋಡುವ ಸುತ್ತಿಗೆ ಎಲ್ಲರಿಗೂ ಬೇಕಿಲ್ಲ, ಇಡೀ ಗುಂಪಿಗೆ ಎರಡೇ ಸಾಕು. ಆ ಎರಡೂ ಭೂವಿಜ್ಞಾನಿಗಳು ಬಳಸುವ ಗಟ್ಟಿ ಉಕ್ಕಿನವಾಗಿರಬೇಕು. ಮನೆಯಲ್ಲಿ ಮೊಳೆ ಹೊಡೆಯುವ ಸುತ್ತಿಗೆಯ ಅಂಚು ಕರಿಕಲ್ಲಿನ ಮೇಲೆ ಬಿದ್ದರೆ ತಾನೇ ಸಿಡಿದು ಚೂರಾಗಿ ಕಣ್ಣಿಗೆ ಹಾರುತ್ತದೆ. ಒಂದು ಸುತ್ತಿಗೆಯನ್ನು ಉಳಿಯಂತೆ ಇಟ್ಟು ಇನ್ನೊಂದರಿಂದ ಹೊಡೆಯುವುದು ಅದಕ್ಕಿಂತಲೂ ಕೆಟ್ಟದ್ದು. ಹೊಡೆಯುವವರು ಕಣ್ಣಿಗೆ ರಕ್ಷಣಾ ಕನ್ನಡಕ ಹಾಕಿರಬೇಕು, ಉಳಿದವರು ನಾಲ್ಕೈದು ಮೀಟರು ದೂರ ನಿಂತು ಮುಖ ತಿರುಗಿಸಿರಬೇಕು.

ಉಳಿದವೆಲ್ಲ ಅಗ್ಗದ ಸಾಮಾನುಗಳು: ಟೈಲ್ಸ್ ಅಂಗಡಿಯಲ್ಲಿ ಬಿದ್ದಿರುವ ಒಡೆದ ಟೈಲಿನ ತುಂಡು, ಹಳೆಯ ಸ್ಪೀಕರಿನ ಅಯಸ್ಕಾಂತ, ಒಂದು ಚಾಕು, ದಬ್ಬಣ, ಹಳೆ ಹಲ್ಲುಜ್ಜುವ ಬ್ರಷ್ಷು, ನಿಂಬೆಹಣ್ಣು, ಹಳೆಯ ದಿನಪತ್ರಿಕೆ, ಚೀಟಿಗಳ ಕಟ್ಟು, ಪೆನ್ಸಿಲ್ಲು. ಪೆನ್ನು ಬೇಡ, ಬೆವರಿಗೆ ಕದಡುತ್ತದೆ. ಕಲ್ಲು ಹಾಕಲು ನಮ್ಮ ಗುಂಪಿನವರು ಜೀನ್ಸಿನ ಉಳಿಕೆ ಬಟ್ಟೆಯಲ್ಲಿ ಹೊಲಿದುಕೊಟ್ಟ ಗೇಣುದ್ದದ ಚೀಲಗಳಿವೆ. ಎಂಥ ಚೂಪು ಅಂಚಿನ ಬೆಣಚುಕಲ್ಲಿಗೂ ಅವು ಹರಿದಿಲ್ಲ. ತಲೆಗೊಬ್ಬರಿಗೆ ಮೂರು ಲೀಟರ್ ನೀರು, ಕಣಕಾಲು ಮುಚ್ಚುವ ಬೂಟು, ಟೊಪ್ಪಿಗೆ. ಬುತ್ತಿಗೆ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ, ಮೊಸರು ಹೊರತು ಬೇರೇನೂ ನಮಗೆ ಹೊಂದಿಲ್ಲ.

ಬೆಳಗಿನ ಏಳು ಗಂಟೆ

ವಾಹನದಿಂದಿಳಿದ ಮೊದಲ ಹತ್ತು ನಿಮಿಷ ಯಾರೂ ಕಲ್ಲು ಮುಟ್ಟಬಾರದು. ಹಾಜರಿಯ ನಂತರ ಎಲ್ಲರೂ ದೂರದಿಂದ ಗುಡ್ಡವನ್ನು ನೋಡಿ, ಕಪ್ಪು ಸಾಲು ಯಾವ ದಿಕ್ಕಿಗೆ ಹರಿದಿದೆ, ಬಂಡೆಗಳ ಬಿರುಕುಗಳು ಯಾವ ಕಡೆಗಿವೆ, ಸಿಪ್ಪೆಯಂತೆ ಪದರ ಬಿಟ್ಟಿರುವುದು ಎಲ್ಲಿ ಎಂಬುದನ್ನು ಪುಸ್ತಕದಲ್ಲಿ ಗೀಚಿಕೊಳ್ಳಲಿ. ಅದೇ ಹೊತ್ತಿಗೆ ಮುಂದಾಳು ಬಂಡೆಗಳ ಚಾಚಿನ ಅಡಿಯಲ್ಲಿ ಹೆಜ್ಜೇನು ಕಟ್ಟಿದೆಯೇ ಎಂದು ನೋಡುತ್ತಾನೆ. ಜೇನುಗೂಡು ಕಂಡರೆ ಆ ಮಗ್ಗುಲನ್ನು ಬಿಟ್ಟುಬಿಡಬೇಕು, ಅದರ ಕೆಳಗೆ ಸುತ್ತಿಗೆಯ ಸದ್ದಾಗಲಿ ಬೀಡಿಯ ಹೊಗೆಯಾಗಲಿ ಸಲ್ಲದು. ಅಕಸ್ಮಾತ್ ಹುಳ ಎದ್ದರೆ ಕೈ ಬೀಸದೆ, ಮುಖ ಮುಚ್ಚಿಕೊಂಡು ವಾಹನದತ್ತ ಓಡುವುದೊಂದೇ ದಾರಿ.

ಕಲ್ಲನ್ನು ಎತ್ತುವ ರೀತಿಯೂ ಇದೆ. ಮೊದಲು ಕೋಲಿನಿಂದ ಅಥವಾ ಬೂಟಿನ ತುದಿಯಿಂದ ಹೊರಳಿಸಿ, ಆಚೆಯ ಅಂಚನ್ನು ಎತ್ತಿ ನಮ್ಮೆಡೆಗೆ ಬಾಗಿಸಬೇಕು. ಹಾಗೆ ಮಾಡಿದರೆ ಅಡಿಯಲ್ಲಿ ಚೇಳೋ ಮಂಡಲದ ಹಾವೋ ಇದ್ದರೆ ಆಚೆ ಹೋಗುತ್ತದೆ, ಕಲ್ಲು ಅಡ್ಡವಾಗಿ ನಿಲ್ಲುತ್ತದೆ. ಬೆರಳನ್ನು ಸಂದಿಗೆ ತೂರಿಸಿ ಎತ್ತುವವರನ್ನು ಅಲ್ಲೇ ತಡೆಯಿರಿ. ಹಾವು ಕಚ್ಚಿದರೆ ಕಟ್ಟು ಕಟ್ಟುವುದು, ಕೊಯ್ಯುವುದು, ಹೀರುವುದು ಯಾವುದೂ ಬೇಡ. ಕಚ್ಚಿದ ಕೈಕಾಲು ಅಲುಗಾಡದಂತೆ ಇರಿಸಿ, 108ಕ್ಕೆ ಕರೆ ಮಾಡಿ, ಕಾಯದೆ ವಾಹನದಲ್ಲೇ ಪ್ರತಿವಿಷ ಇರುವ ಆಸ್ಪತ್ರೆಯತ್ತ ಹೊರಡಬೇಕು. ಆ ಆಸ್ಪತ್ರೆ ಯಾವುದೆಂಬುದು ಮುಂಗಡ ಭೇಟಿಯಲ್ಲೇ ಗೊತ್ತಾಗಿರಬೇಕು.

ಒಂದೇ ಕಲ್ಲನ್ನು ಅರ್ಧ ಗಂಟೆ

ಹೊಸಬರು ಹತ್ತು ನಿಮಿಷದಲ್ಲಿ ಹತ್ತು ಕಲ್ಲು ಆರಿಸಿ ತರುತ್ತಾರೆ. ನಾನು ಒಂಬತ್ತನ್ನು ಅಲ್ಲೇ ಬಿಡಿಸಿ, ಒಂದನ್ನು ಹಿಡಿದು ಕೂರಿಸುತ್ತೇನೆ. ಅದು ಮುಷ್ಟಿಗಾತ್ರದ ಗುಲಾಬಿ ಗ್ರಾನೈಟ್ ಎಂದಿಟ್ಟುಕೊಳ್ಳಿ. ಬಿಸಿಲಿಗೆ ಬೆನ್ನು ಮಾಡಿ, ಭೂತಗನ್ನಡಿಯನ್ನು ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದು, ಕಲ್ಲನ್ನು ಅದರತ್ತ ತನ್ನಿ. ಕನ್ನಡಿಯನ್ನು ಕಲ್ಲಿನ ಹತ್ತಿರ ಒಯ್ದು ದೂರದಿಂದ ನೋಡುವುದು ಎಲ್ಲರೂ ಮಾಡುವ ತಪ್ಪು. ಈಗ ಕಲ್ಲನ್ನು ನಿಧಾನವಾಗಿ ಓಲಾಡಿಸಿದರೆ ಗುಲಾಬಿ ಹರಳುಗಳ ಪೈಕಿ ಒಂದೊಂದು ಪುಟ್ಟ ಕನ್ನಡಿಯಂತೆ ಇದ್ದಕ್ಕಿದ್ದಂತೆ ಮಿಂಚಿ ಆರುತ್ತದೆ. ಅದು ಫೆಲ್ಡ್‌ಸ್ಪಾರ್. ಚಪ್ಪಟೆ ಮುಖಗಳಲ್ಲಿ ಸೀಳುವ ಗುಣ ಇರುವುದರಿಂದಲೇ ಆ ಮಿಂಚು. ಅದರ ಪಕ್ಕದಲ್ಲಿ ಒಡೆದ ಬಾಟಲಿಯ ಚೂರಿನಂತೆ ಬೂದಾಗಿ, ಎತ್ತ ತಿರುಗಿಸಿದರೂ ಮಿಂಚದೆ, ಜಿಡ್ಡು ಸವರಿದಂತೆ ಹೊಳೆಯುವುದು ಬೆಣಚು, ಅಂದರೆ ಕ್ವಾರ್ಟ್ಜ್. ಕಪ್ಪು ಚುಕ್ಕೆಗಳಲ್ಲಿ ಎರಡು ಬಗೆ. ದಬ್ಬಣದ ತುದಿಯಿಂದ ಮೀಟಿದಾಗ ಪದರ ಎದ್ದರೆ ಅದು ಕರಿ ಅಭ್ರಕವಾದ ಬಯೋಟೈಟ್. ಏಳದೆ ಪುಡಿಯಾದರೆ ಬಹುತೇಕ ಹಾರ್ನ್‌ಬ್ಲೆಂಡ್. ಬಿರುಕಿನುದ್ದಕ್ಕೂ ಪಿಸ್ತಾ ಹಸಿರಿನ ತೆಳು ಲೇಪ ಕಂಡರೆ ಅದು ಎಪಿಡೋಟ್. ಕಲ್ಲು ಗಟ್ಟಿಯಾದ ಎಷ್ಟೋ ಕಾಲದ ಮೇಲೆ ಬಿಸಿನೀರು ಆ ಬಿರುಕಿನೊಳಗೆ ಹರಿದು ಬಿಟ್ಟುಹೋದ ಗುರುತು. ಮುಷ್ಟಿಯಷ್ಟು ದೊಡ್ಡ ಒಂದು ಕಲ್ಲಿನಲ್ಲಿ ಇಷ್ಟು ನೋಡಿದವರಿಗೆ ಚೀಲ ತುಂಬಿಸುವ ಆತುರ ತಾನಾಗಿ ಇಳಿಯುತ್ತದೆ.

ಗಟ್ಟಿತನದ ಪರೀಕ್ಷೆಗೆ ಜರ್ಮನಿಯ ಮೋಸ್ 1812ರಲ್ಲಿ ರೂಪಿಸಿದ ಒಂದರಿಂದ ಹತ್ತರ ಅಳತೆ ಇಂದಿಗೂ ಸಾಕು. ಉಗುರಿನ ಗಟ್ಟಿತನ ಎರಡೂವರೆ, ಚಾಕುವಿನದು ಸುಮಾರು ಐದೂವರೆ, ಬೆಣಚಿನದು ಏಳು. ಆದ್ದರಿಂದ ಬೆಳ್ಳನೆಯ ಕಲ್ಲನ್ನು ಚಾಕು ಗೀರಿದರೆ ಅದು ಬೆಣಚಲ್ಲ, ಸುಣ್ಣದ ಜಾತಿಯದಿರಬಹುದು. ಗೀರಿದಾಗ ಉದುರಿದ ಪುಡಿಯ ಮೇಲೆ ನಿಂಬೆರಸ ಹಿಂಡಿದಾಗ ಸಣ್ಣಗೆ ನೊರೆ ಬಂದರೆ ಅನುಮಾನ ತೀರಿತು.

ಟೈಲಿನ ತುಂಡಿನ ಹಿಂಬದಿಯ ಒರಟು ಮುಖ ಅದಿರುಗಳಿಗೆ ಒರೆಗಲ್ಲು. ಹೊರಗೆ ಉಕ್ಕಿನಂತೆ ಕಪ್ಪಾಗಿ ಮಿನುಗುವ ಕಬ್ಬಿಣದ ಅದಿರಾದ ಹೆಮಟೈಟನ್ನು ಉಜ್ಜಿದರೆ ಕುಂಕುಮಕ್ಕೆ ಕಾಡಿಗೆ ಬೆರೆಸಿದಂತಹ ಕೆಂಗಂದು ಗೆರೆ ಬೀಳುತ್ತದೆ. ಅಷ್ಟೇ ಕಪ್ಪಾದ ಇನ್ನೊಂದು ಕಬ್ಬಿಣದ ಅದಿರು ಮ್ಯಾಗ್ನಟೈಟಿನ ಗೆರೆ ಕಪ್ಪಾಗಿಯೇ ಉಳಿದು, ಸ್ಪೀಕರಿನ ಅಯಸ್ಕಾಂತ ಅದಕ್ಕೆ ಟಪ್ಪನೆ ಅಂಟುತ್ತದೆ. ಕೈಗೆ ಮಸಿ ಹತ್ತುವ ಮೆತ್ತನೆಯ ಕಪ್ಪು ಕಲ್ಲಾದರೆ ಮ್ಯಾಂಗನೀಸಿನ ಪೈರೊಲುಸೈಟ್ ಇದ್ದೀತು. ಹಿತ್ತಾಳೆ ಬಣ್ಣದ ಪೈರೈಟನ್ನು ಕಂಡು ಹಟ್ಟಿಯ ಬಂಗಾರವೇ ಸಿಕ್ಕಿತೆಂದು ಹಿಗ್ಗುವವರು ಪ್ರತಿ ವರ್ಷವೂ ಒಬ್ಬರಿರುತ್ತಾರೆ. ಅವರ ಕೈಗೆ ಟೈಲು ಕೊಡಿ, ಬಂಗಾರದ ಗೆರೆ ಹಳದಿ, ಪೈರೈಟಿನದು ಹಸಿರುಗಪ್ಪು.

ತೂಕದ ಪರೀಕ್ಷೆಯನ್ನು ಮಧ್ಯಾಹ್ನ ಮರದ ನೆರಳಿನಲ್ಲಿ ಮಾಡಬಹುದು. ಸ್ಪ್ರಿಂಗ್ ತಕ್ಕಡಿಗೆ ದಾರದಿಂದ ಕಲ್ಲು ಕಟ್ಟಿ ಒಮ್ಮೆ ಗಾಳಿಯಲ್ಲಿ, ಒಮ್ಮೆ ಬಕೆಟ್ಟಿನ ನೀರಲ್ಲಿ ಪೂರ್ತಿ ಮುಳುಗಿಸಿ ತೂಗಬೇಕು. ಗಾಳಿಯಲ್ಲಿನ ತೂಕವನ್ನು ಎರಡರ ವ್ಯತ್ಯಾಸದಿಂದ ಭಾಗಿಸಿದರೆ ಸಾಪೇಕ್ಷ ಸಾಂದ್ರತೆ, ಅಂದರೆ ಕಲ್ಲು ನೀರಿಗಿಂತ ಎಷ್ಟು ಪಟ್ಟು ಭಾರ ಎಂಬುದು ಬರುತ್ತದೆ. 530 ಗ್ರಾಂ ತೂಗಿದ ಬೆಣಚುಕಲ್ಲು ನೀರಲ್ಲಿ 330 ಗ್ರಾಂ ತೂಗಿದರೆ, 530ನ್ನು 200ರಿಂದ ಭಾಗಿಸಿ 2.65. 525 ಗ್ರಾಮಿನ ಒಳ್ಳೆಯ ಹೆಮಟೈಟ್ ನೀರಲ್ಲಿ 420 ತೂಗಿದರೆ ಉತ್ತರ 5. ಎಂಟನೆಯ ತರಗತಿಯ ಮಗುವಿಗೆ ಆರ್ಕಿಮಿಡೀಸನ ತತ್ವವನ್ನು ಇದಕ್ಕಿಂತ ಚೆನ್ನಾಗಿ ಹೇಳಿಕೊಡುವುದು ನನ್ನಿಂದಾಗದು.

ಕೆತ್ತನೆ, ಅಕ್ಷರ, ಮಡಕೆ ಚೂರು ಕಣ್ಣಿಗೆ ಬಿದ್ದರೆ

ಮಸ್ಕಿಯಲ್ಲಿ ಅಶೋಕನ ಹೆಸರನ್ನೇ ಹೊತ್ತ ಶಾಸನವನ್ನು 1915ರಲ್ಲಿ ಮೊದಲು ಗುರುತಿಸಿದವರು ಇತಿಹಾಸಕಾರರಲ್ಲ, ಬಂಗಾರದ ಗಣಿಯ ಇಂಜಿನಿಯರ್ ಬೀಡನ್. ಬಳ್ಳಾರಿ ಜಿಲ್ಲೆಯ ಶಿಲೆಗಳ ವರದಿಯನ್ನು 1895ರಲ್ಲಿ ಹೊರತಂದ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಇಲ್ಲಿನ ಕಲ್ಲುಕೊಡಲಿಗಳನ್ನೂ ಗುರುತಿಸಿದವರು. ಬಳ್ಳಾರಿಯ ಪುರಾತತ್ವ ವಸ್ತುಸಂಗ್ರಹಾಲಯಕ್ಕೆ ಅವರದೇ ಹೆಸರಿದೆ. ಕಲ್ಲು ನೋಡುವವರ ಕಣ್ಣಿಗೆ ಇಂಥವು ಬೀಳುವುದು ಸಹಜ. ಬಿದ್ದಾಗ ಮುಟ್ಟದೆ, ನೀರು ಸುರಿದು ತೊಳೆಯದೆ, ಸೀಮೆಸುಣ್ಣದಿಂದ ಅಕ್ಷರ ತಿದ್ದದೆ, ಪಕ್ಕದಲ್ಲೊಂದು ಪೆನ್ಸಿಲ್ ಇಟ್ಟು ಅಳತೆ ತಿಳಿಯುವಂತೆ ಚಿತ್ರ ತೆಗೆದು, ಮೊಬೈಲಿನಲ್ಲಿ ಅಕ್ಷಾಂಶ ರೇಖಾಂಶಗಳ ಸ್ಥಳಸೂಚಿಯನ್ನು ಗುರುತಿಟ್ಟು, ವಸ್ತುಸಂಗ್ರಹಾಲಯಕ್ಕೋ ಪುರಾತತ್ವ ಇಲಾಖೆಗೋ ತಿಳಿಸಬೇಕು. ನಯವಾಗಿ ಉಜ್ಜಿದ ಕರಿಕಲ್ಲಿನ ತುಂಡು ಬದುವಿನ ಗುಪ್ಪೆಯಲ್ಲೇ ಸಿಕ್ಕರೂ ಅದು ನಮ್ಮ ಸಂಗ್ರಹಕ್ಕೆ ಸೇರದು.

ಚೀಟಿ

ನನ್ನ ಮೊದಲ ಹೊರಸಂಚಾರದಿಂದ ಹದಿನೇಳು ಕಲ್ಲುಗಳನ್ನು ತಂದಿದ್ದೆ. ಎಲ್ಲವೂ ನೆನಪಿನಲ್ಲಿರುತ್ತವೆಂಬ ಧೈರ್ಯದಿಂದ ಯಾವುದಕ್ಕೂ ಚೀಟಿ ಬರೆಯಲಿಲ್ಲ. ಮೂರು ತಿಂಗಳ ಬಳಿಕ ಸ್ನೇಹಿತರೊಬ್ಬರು ಒಂದು ಹಸಿರು ಕಲ್ಲನ್ನು ಹಿಡಿದು “ಇದು ಎಲ್ಲಿಯದ್ರೀ?” ಎಂದಾಗ ಬಾಯಿ ಬರಲಿಲ್ಲ. ಆ ಹದಿನೇಳೂ ಈಗ ಮನೆಯ ತುಳಸಿಕಟ್ಟೆಯ ಸುತ್ತ ಇವೆ, ಬರೀ ಜಲ್ಲಿಯಾಗಿ.

ಆದ್ದರಿಂದ ನಮ್ಮಲ್ಲಿ ಚೀಟಿ ಬರೆಯುವ ಮುನ್ನ ಕಲ್ಲು ಚೀಲಕ್ಕಿಳಿಯುವಂತಿಲ್ಲ. ಚೀಟಿಯಲ್ಲಿ ಕ್ರಮಸಂಖ್ಯೆ, ದಿನಾಂಕ, ಊರು ಮತ್ತು ತಾಲ್ಲೂಕು, ಸ್ಥಳಸೂಚಿಯ ಅಂಕಿಗಳು, ಯಾರ ಜಮೀನು, ಕಂಡವರ ಹೆಸರು, ಕಲ್ಲು ತನ್ನ ಬಂಡೆಯ ಬುಡದಲ್ಲೇ ಇತ್ತೇ ಅಥವಾ ಬೇರೆಡೆ ಬಿಡಿಯಾಗಿ ಬಿದ್ದಿತ್ತೇ ಎಂಬುದು ಇರಬೇಕು. ಕೊನೆಯದನ್ನು ಜನ ಮರೆಯುತ್ತಾರೆ. ಬದುವಿನ ಬಿಡಿಗಲ್ಲು ಆ ಹೊಲದಲ್ಲೇ ಹುಟ್ಟಿದ್ದೆಂದು ಹೇಳಲಾಗದು. ಯಾರೋ ಬಂಡಿಯಲ್ಲಿ ತಂದು ಹಾಕಿರಬಹುದು. ಕಲ್ಲಿನ ಹೆಸರನ್ನು ಬರೆಯುವ ಜಾಗವನ್ನು ಸಂಜೆಯವರೆಗೆ ಖಾಲಿ ಬಿಡುವುದು ಮೇಲು, ಏಕೆಂದರೆ ಗುಡ್ಡದಲ್ಲಿ ಕೊಟ್ಟ ಹೆಸರುಗಳಲ್ಲಿ ಅರ್ಧದಷ್ಟು ಮನೆಯಲ್ಲಿ ಬದಲಾಗುತ್ತವೆ.

ತಲೆಗೆ ಐದೇ ಕಲ್ಲು, ಅದೂ ಅಂಗೈಗಿಂತ ದೊಡ್ಡದಲ್ಲ ಎಂಬುದು ನಮ್ಮ ಕಟ್ಟುಪಾಡು. ಕಂಡವರದೇ ಕಲ್ಲು, ಆದರೆ ಅಂಥದ್ದು ಗುಂಪಿನ ಪೆಟ್ಟಿಗೆಯಲ್ಲಿ ಇಲ್ಲದಿದ್ದು, ಒಂದೇ ಒಂದು ಸಿಕ್ಕಿದ್ದರೆ ಅದು ಕಂಡವರ ಹೆಸರಿನಲ್ಲಿ ಗುಂಪಿನ ಪೆಟ್ಟಿಗೆ ಸೇರುತ್ತದೆ. ಈ ನಿಯಮಕ್ಕೆ ಮೊದಲ ವರ್ಷ ಮುನಿಸು ಬಂದದ್ದುಂಟು. ಈಗ ಪೆಟ್ಟಿಗೆಯನ್ನು ಶಾಲೆಗಳಿಗೆ ಒಯ್ಯುವಾಗ ತಮ್ಮ ಹೆಸರಿರುವ ಕಲ್ಲನ್ನು ಮೊದಲು ತೋರಿಸಿ ಎಂದು ಹೇಳುವವರೂ ಅವರೇ. ಮಾರುವುದು ಮಾತ್ರ ಯಾರಿಗೂ ಇಲ್ಲ, ಮಾರಾಟಕ್ಕೆಂದು ಕಲ್ಲು ತೆಗೆದರೆ ಅದು ಹವ್ಯಾಸ ಉಳಿಯದೆ 1957ರ ಗಣಿ ಮತ್ತು ಖನಿಜ ಕಾಯ್ದೆಯ ಕೈಗೆ ಬೀಳುತ್ತದೆ.

ಮನೆಗೆ ಬಂದ ಮೇಲೆ

ಎಲ್ಲ ಕಲ್ಲನ್ನೂ ನೀರಿಗೆ ಹಾಕಬೇಡಿ. ಗ್ರಾನೈಟ್, ಬೆಣಚು, ಅಗೇಟ್‌ಗಳನ್ನು ಬ್ರಷ್ಷು ಹಚ್ಚಿ ತೊಳೆಯಬಹುದು. ಕೆಮ್ಮಣ್ಣು, ಮ್ಯಾಂಗನೀಸ್, ಪೈರೈಟ್‌ಗಳನ್ನು ಒಣ ಬ್ರಷ್ಷಿನಿಂದ ಒರೆಸಿದರೆ ಸಾಕು. ಕಲ್ಲಿನ ಕಾಣದ ಮೂಲೆಯಲ್ಲಿ ವೈಟ್‌ನರ್‌ನ ಒಂದು ಚುಕ್ಕೆ ಇಟ್ಟು, ಅದು ಒಣಗಿದ ಮೇಲೆ ಸಣ್ಣ ಕಪ್ಪು ಪೆನ್ನಿನಿಂದ ಚೀಟಿಯ ಕ್ರಮಸಂಖ್ಯೆ ಬರೆದು, ಮೇಲೆ ಬಣ್ಣವಿಲ್ಲದ ನೇಲ್ ಪಾಲಿಶ್ ಸವರಬೇಕು. ಚೀಟಿ ಕಳೆದರೂ ಪುಸ್ತಕದಲ್ಲಿನ ಸಂಖ್ಯೆಯಿಂದ ಊರು ತಿಳಿಯುತ್ತದೆ. ಮೊಟ್ಟೆಯ ಟ್ರೇಗಳು ಸಣ್ಣ ಕಲ್ಲುಗಳಿಗೆ ಹೇಳಿ ಮಾಡಿಸಿದಂತಿವೆ.

ವಾರದೊಳಗೆ ಹೊಲದ ಮಾಲೀಕರಿಗೆ ಕಲ್ಲುಗಳ ಚಿತ್ರವನ್ನೂ ಅವುಗಳ ಹೆಸರನ್ನೂ ವಾಟ್ಸಾಪಿನಲ್ಲಿ ಕಳಿಸುವುದು ಮುಂದಾಳುವಿನ ಕೊನೆಯ ಕೆಲಸ. ಹೀಗೆ ಕಳಿಸಿದ ಊರೊಂದಕ್ಕೆ ಮರುವರ್ಷ ಹೋದಾಗ, ಹಿಂದೆ ನಮ್ಮನ್ನು ತಡೆದಿದ್ದ ಅದೇ ಹಿರಿಯರು ಉಳುವಾಗ ಸಿಕ್ಕ ಐದು ಕಲ್ಲುಗಳನ್ನು ಬದುವಿನ ಬೇವಿನ ಮರದ ಬುಡದಲ್ಲಿ ಬೇರೆಯಾಗಿ ಒಟ್ಟಿಟ್ಟಿದ್ದರು. “ಇದರಾಗ ಯಾವುದರ ಹೊಸಾದ ಐತೇನ್ ನೋಡ್ರಿ” ಎಂದರು. ನಾಲ್ಕು ಬೆಣಚುಕಲ್ಲು. ಐದನೆಯದರಲ್ಲಿ, ಬೆಣಚಿನೊಳಗೆ, ಬೆಂಕಿಕಡ್ಡಿಯಷ್ಟು ಉದ್ದದ ಟೂರ್ಮಲೀನ್ ಎಂಬ ಖನಿಜದ ಕಪ್ಪು ಕಡ್ಡಿಗಳಿದ್ದವು; ಅದರ ಚೀಟಿಯಲ್ಲಿ ಕಂಡವರ ಹೆಸರಿನ ಜಾಗದಲ್ಲಿ ಅವರದೇ ಹೆಸರಿದೆ.